ಸದನಕ್ಕೆ ಉತ್ತರ ಕೊಟ್ಟ ಮಂತ್ರಿ

1921ರ ಅಕ್ಟೋಬರ್ 27ರಂದು ಡಬ್ಲಿನ್‌ನಲ್ಲಿ ಒಂದು ಮದುವೆ ನಡೆಯಿತು. ವರ ಕೆವಿನ್ ಓಹಿಗಿನ್ಸ್, ವಧು ಬ್ರಿಜಿಡ್ ಕೋಲ್. ಅಂದು ತೆಗೆದ ಒಂದು ಕಪ್ಪು-ಬಿಳುಪು ಚಿತ್ರ ಐರ್ಲೆಂಡಿನ ಇತಿಹಾಸದ ಪುಸ್ತಕಗಳಲ್ಲಿ ಮತ್ತೆ ಮತ್ತೆ ಅಚ್ಚಾಗಿದೆ. ಮದುಮಗನ ಜೊತೆ ಅದರಲ್ಲಿ ಇನ್ನಿಬ್ಬರಿದ್ದಾರೆ. ಒಬ್ಬರು ಎತ್ತರದ ಆಳು, ಏಮನ್ ಡಿ ವೆಲೆರಾ. ಇನ್ನೊಬ್ಬರು ವರನ ಆಪ್ತ ಗೆಳೆಯನಾಗಿ ಪಕ್ಕದಲ್ಲಿ ನಿಂತಿದ್ದ ರೋರಿ ಓಕಾನರ್. ಮೂವರೂ ಬ್ರಿಟಿಷರ ವಿರುದ್ಧ ಒಟ್ಟಿಗೆ ಹೋರಾಡಿದವರು.

ಇದಾಗಿ ಹದಿಮೂರು ತಿಂಗಳು ಕಳೆದಿತ್ತು, ಅಷ್ಟೆ. ಓಕಾನರ್ ಅವರನ್ನು ವಿಚಾರಣೆಯಿಲ್ಲದೆ ಗುಂಡಿಕ್ಕಿ ಕೊಲ್ಲುವ ತೀರ್ಮಾನಕ್ಕೆ ಗೃಹ ಸಚಿವ ಓಹಿಗಿನ್ಸ್ ಸಂಪುಟದಲ್ಲಿ ಒಪ್ಪಿಗೆ ಕೊಟ್ಟರು. ಮರುದಿನ ಸಂಸತ್ತಿನಲ್ಲಿ ಎದ್ದು ನಿಂತು ಅದಕ್ಕೆ ಉತ್ತರವನ್ನೂ ಕೊಟ್ಟರು.

ಐರ್ಲೆಂಡಿನ ಸಂಸತ್ತಿನ ಕೆಳಮನೆಯ ಹೆಸರು ಡಾಯ್ಲ್. ಅದರ ನಡಾವಳಿಗಳಲ್ಲಿ ಆ ಉತ್ತರ ಇವತ್ತಿಗೂ ಓದಲು ಸಿಗುತ್ತದೆ. 1921ರಿಂದ 1927ರವರೆಗಿನ ಐದಾರು ವರ್ಷಗಳಲ್ಲಿ ಓಹಿಗಿನ್ಸ್ ಆ ಮನೆಯಲ್ಲಿ ಆಡಿದ ಮಾತುಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಹೊಸ ರಾಜ್ಯ ಹೇಗೆ ಹುಟ್ಟಿತು, ಹುಟ್ಟುವಾಗ ಏನೇನು ತಪ್ಪು ಮಾಡಿತು ಎಂಬುದೆಲ್ಲ ಕಣ್ಣಿಗೆ ಕಟ್ಟುತ್ತದೆ.

ಓಹಿಗಿನ್ಸ್ ಹುಟ್ಟಿದ್ದು 1892ರಲ್ಲಿ, ಲೀಶ್ ಸೀಮೆಯ ಸ್ಟ್ರಾಡ್‌ಬ್ಯಾಲಿ ಎಂಬ ಊರಿನಲ್ಲಿ. ತಂದೆ ವೈದ್ಯರು. ತಾಯಿಯ ತಂದೆ ಟಿ. ಡಿ. ಸಲಿವನ್ ಲಂಡನ್ ಸಂಸತ್ತಿನಲ್ಲಿ ಐರಿಷ್ ಪಕ್ಷದ ಸದಸ್ಯರಾಗಿದ್ದವರು. ಹಾಗಾಗಿ ಸಂಸತ್ತಿನ ಮಾತುಕತೆ ಮನೆಗೆ ಹೊಸದಲ್ಲ. 1918ರ ಚುನಾವಣೆಯಲ್ಲಿ ಗೆದ್ದಾಗ ಓಹಿಗಿನ್ಸ್ ಜೈಲಿನಲ್ಲಿದ್ದರು. 1921ರ ಡಿಸೆಂಬರಿನಲ್ಲಿ, ಬ್ರಿಟನ್ ಜೊತೆ ಲಂಡನ್ನಿನಲ್ಲಿ ಆದ ಒಪ್ಪಂದದ ಮೇಲೆ ಡಾಯ್ಲ್ ಚರ್ಚೆ ನಡೆಸಿದಾಗ ಅವರಿಗೆ ಇನ್ನೂ 29 ವರ್ಷ.

ಆ ಒಪ್ಪಂದ ಐರ್ಲೆಂಡನ್ನು ಪೂರ್ಣ ಗಣರಾಜ್ಯವಾಗಿ ಮಾಡಲಿಲ್ಲ. ಕೆನಡಾದಂಥ ಡೊಮಿನಿಯನ್ ಸ್ಥಾನ ಕೊಟ್ಟಿತು. ಶಾಸಕರು ಬ್ರಿಟಿಷ್ ದೊರೆಗೆ ನಿಷ್ಠೆಯ ಪ್ರಮಾಣ ಮಾಡಬೇಕೆಂದಿತು. ಡಿ ವೆಲೆರಾ ಒಲ್ಲೆ ಎಂದರು. ಓಹಿಗಿನ್ಸ್ ಬೇಕು ಎಂದರು. ಅವರ ವಾದ ನೇರವಾಗಿತ್ತು: ಐರ್ಲೆಂಡಿನ ಆಸೆಯೆಲ್ಲ ಈ ಒಪ್ಪಂದದಲ್ಲಿ ಈಡೇರಿದೆ ಎಂದು ತಾನು ಹೇಳುವುದಿಲ್ಲ, ಉಳಿದದ್ದನ್ನು ಶಾಂತಿಯ ದಾರಿಯಲ್ಲಿ, ರಾಜಕೀಯವಾಗಿ ಬೆಳೆಯುತ್ತ ಹೋಗಿ ಗಳಿಸಬಹುದು. 1922ರ ಜನವರಿ 7ರಂದು ಮತಕ್ಕೆ ಹಾಕಿದಾಗ ಒಪ್ಪಂದದ ಪರ 64, ವಿರುದ್ಧ 57. ಏಳೇ ಮತಗಳ ಅಂತರ. ಅಲ್ಲಿಂದ ಆರು ತಿಂಗಳೊಳಗೆ ದೇಶ ಒಪ್ಪಂದದ ಪರ ಮತ್ತು ವಿರೋಧಿಗಳ ನಡುವಿನ ಅಂತರ್ಯುದ್ಧಕ್ಕೆ ಬಿತ್ತು.

ಆ ಬೇಸಿಗೆಯ ಕೊನೆಗೆ ಒಪ್ಪಂದದ ಪರವಿದ್ದ ಹಿರಿಯ ನಾಯಕರಿಬ್ಬರೂ ಇರಲಿಲ್ಲ. ಆರ್ಥರ್ ಗ್ರಿಫಿತ್ ಆಗಸ್ಟ್ 12ರಂದು ಕುಸಿದು ಸತ್ತರು. ಹತ್ತು ದಿನಗಳಲ್ಲಿ ಮೈಕೆಲ್ ಕಾಲಿನ್ಸ್ ಹೊಂಚು ದಾಳಿಗೆ ಬಲಿಯಾದರು. ಡಬ್ಲ್ಯೂ. ಟಿ. ಕಾಸ್ಗ್ರೇವ್ ಸರ್ಕಾರದ ಮುಖ್ಯಸ್ಥರಾದರು, ಓಹಿಗಿನ್ಸ್‌ಗೆ ಗೃಹ ಖಾತೆ ಬಂತು. ಮಂತ್ರಿಗಳು ಮನೆಗೆ ಹೋಗುವ ಹಾಗಿರಲಿಲ್ಲ. ಮೆರಿಯನ್ ಬೀದಿಯ ಸರ್ಕಾರಿ ಕಟ್ಟಡದಲ್ಲೇ ಕಾವಲಿನ ನಡುವೆ ಊಟ, ಅಲ್ಲೇ ನಿದ್ದೆ. ಪಕ್ಕದ ಲೀನ್‌ಸ್ಟರ್ ಹೌಸ್‌ನಲ್ಲಿ, ರಾಯಲ್ ಡಬ್ಲಿನ್ ಸೊಸೈಟಿಯ ಉಪನ್ಯಾಸ ಮಂದಿರದಲ್ಲಿ, ಸೆಪ್ಟೆಂಬರ್ 9ರಂದು ಹೊಸ ಡಾಯ್ಲ್ ಸೇರಿತು. ಒಪ್ಪಂದದ ವಿರೋಧಿಗಳು ಆ ಸದನವನ್ನೇ ಒಪ್ಪದೆ ಹೊರಗುಳಿದರು. ಹಾಗಾಗಿ ವಿರೋಧ ಪಕ್ಷದ ಹೊಣೆ ಲೇಬರ್ ಪಕ್ಷದ ಥಾಮಸ್ ಜಾನ್ಸನ್ ಹೆಗಲಿಗೆ ಬಂತು. ಲಿವರ್‌ಪೂಲ್‌ನಲ್ಲಿ ಹುಟ್ಟಿದ ಈ ಕಾರ್ಮಿಕ ನಾಯಕ ಮೃದು ಮಾತಿನವರು, ಆದರೆ ಹಿಡಿದ ಪ್ರಶ್ನೆಯನ್ನು ಬಿಡುವವರಲ್ಲ. ಓಹಿಗಿನ್ಸ್ ಅವರ ದೊಡ್ಡ ಭಾಷಣಗಳೆಲ್ಲ ಹೆಚ್ಚುಕಡಿಮೆ ಜಾನ್ಸನ್‌ಗೆ ಕೊಟ್ಟ ಉತ್ತರಗಳೇ.

ಹೊಸ ಸಂವಿಧಾನದ ಮಸೂದೆಯನ್ನು ವಿಧಿ ವಿಧಿಯಾಗಿ ಸದನದಲ್ಲಿ ದಾಟಿಸಿದವರು ಓಹಿಗಿನ್ಸ್. ಹೊರಗೆ ಗುಂಡಿನ ಸದ್ದು, ಒಳಗೆ ಮತದಾನದ ವಯಸ್ಸು, ಶಾಸಕರ ಹಕ್ಕು, ನ್ಯಾಯಾಲಯದ ಅಧಿಕಾರಗಳ ಚರ್ಚೆ. ಇಲ್ಲಿ ಅವರು ಮಾಡಿದ ಒಂದು ಕೆಲಸ ಮೆಚ್ಚಬೇಕಾದದ್ದು. ಯಾವ ವಿಧಿಗಳು ಲಂಡನ್ನಿನೊಂದಿಗೆ ಮಾತಾಗಿ ಬಂದವು, ಯಾವುವನ್ನು ಬದಲಿಸಿದರೆ ಸರ್ಕಾರ ಉಳಿಯುವುದಿಲ್ಲ ಎಂಬುದನ್ನು ಮುಚ್ಚಿಡದೆ ಹೇಳಿದರು. ಉಳಿದವನ್ನು ಸದಸ್ಯರು ತಿದ್ದಬಹುದಿತ್ತು, ತಿದ್ದಿದರು ಕೂಡ. ಅಕ್ಟೋಬರ್ 25ಕ್ಕೆ ಅಂಗೀಕಾರವಾದ ಆ ಸಂವಿಧಾನ 21 ತುಂಬಿದ ಗಂಡಸರು ಹೆಂಗಸರು ಎಲ್ಲರಿಗೂ ಸಮಾನವಾಗಿ ಮತ ಕೊಟ್ಟಿತು. ಬ್ರಿಟನ್ ಆ ಮಟ್ಟಕ್ಕೆ ಬಂದದ್ದು 1928ರಲ್ಲಿ.

ಈ ಸಂವಿಧಾನದ ಹಾಳೆಗಳು ನಮ್ಮ ದೇಶಕ್ಕೂ ಬಂದವು. 1928ರ ನೆಹರೂ ವರದಿಯಲ್ಲಿ ಮೂಲಭೂತ ಹಕ್ಕುಗಳನ್ನು ಬರೆದವರ ಮುಂದೆ ಈ ಐರಿಷ್ ಸಂವಿಧಾನವಿತ್ತು. ಮನೆ, ಸ್ವಾತಂತ್ರ್ಯಗಳ ರಕ್ಷಣೆಯ ಮಾತಿನಲ್ಲಿ ಅದರ ನೆರಳು ಸ್ಪಷ್ಟ. ಮುಂದೆ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಮಂಗಳೂರಿನ ಬೆನಗಲ್ ನರಸಿಂಗ ರಾವ್ 1947ರಲ್ಲಿ ಡಬ್ಲಿನ್‌ಗೆ ಹೋಗಿ ಡಿ ವೆಲೆರಾ ಅವರನ್ನೇ ಕಂಡು ಮಾತಾಡಿ ಬಂದರು. ಅಷ್ಟರಲ್ಲಿ ಅಲ್ಲಿ 1937ರ ಇನ್ನೊಂದು ಸಂವಿಧಾನ ಜಾರಿಯಲ್ಲಿತ್ತು. ನಮ್ಮ ರಾಜ್ಯನೀತಿಯ ನಿರ್ದೇಶಕ ತತ್ವಗಳ ಮೂಲ ಅದರಲ್ಲಿದೆ.

ಐರ್ಲೆಂಡಿನ ಮೊದಲಿನ ಆ ಸಂವಿಧಾನ ಬರೆದ ಕೈಗಳೇ 1922ರ ಚಳಿಗಾಲದಲ್ಲಿ ಮರಣದಂಡನೆಯ ಆದೇಶಗಳಿಗೂ ರುಜು ಹಾಕಿದವು. ಸೆಪ್ಟೆಂಬರ್ ಕೊನೆಗೆ ಸೇನಾ ನ್ಯಾಯಾಲಯಗಳಿಗೆ ಸಾವಿನ ಶಿಕ್ಷೆ ವಿಧಿಸುವ ಅಧಿಕಾರವನ್ನು ಡಾಯ್ಲ್ ಕೊಟ್ಟಿತು. ನವೆಂಬರ್ 17ರಂದು, ಆಯುಧ ಇಟ್ಟುಕೊಂಡ ಆರೋಪದ ಮೇಲೆ, ಹೆಸರು ಕೇಳರಿಯದ ನಾಲ್ವರು ಹುಡುಗರನ್ನು ಗುಂಡಿಕ್ಕಿ ಕೊಂದರು. ಸದನ ಕೇಳಿತು: ಇವರೇ ಏಕೆ? ಓಹಿಗಿನ್ಸ್ ಕೊಟ್ಟ ಉತ್ತರ ಓದಿದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಮೊದಲಿಗೇ ಯಾರಾದರೂ ಹೆಸರಾಂತ ಮುಂದಾಳನ್ನು ಹಿಡಿದಿದ್ದರೆ, ನಾಯಕನೆಂದು ಕೊಂದರು, ಇಂಗ್ಲಿಷಿನವನೆಂದು ಕೊಂದರು ಎಂದು ಹಳ್ಳಿಯ ಅಮಾಯಕರು ಅಂದುಕೊಳ್ಳಬಹುದಿತ್ತು ಎಂದರು. ಆ ‘ಇಂಗ್ಲಿಷಿನವನು’ ಯಾರೆಂದು ಎಲ್ಲರಿಗೂ ತಿಳಿದಿತ್ತು. ಲಂಡನ್ನಿನಲ್ಲಿ ಹುಟ್ಟಿದ, ಕಾದಂಬರಿಕಾರರಾಗಿ ಹೆಸರಾದ, ಗಣರಾಜ್ಯದ ಪರ ನಿಂತ ಎರ್ಸ್ಕಿನ್ ಚಿಲ್ಡರ್ಸ್ ಆಗ ಸೆರೆಯಲ್ಲಿದ್ದರು. ನವೆಂಬರ್ 24ರಂದು ಅವರನ್ನೂ ಕೊಂದರು. ಸಾಯುವ ಮುನ್ನ ಚಿಲ್ಡರ್ಸ್ ಗುಂಡು ಹಾರಿಸಲಿದ್ದ ಸೈನಿಕರ ಕೈ ಕುಲುಕಿದರು. ತನ್ನ ಮರಣದಂಡನೆಗೆ ಕಾರಣರಾದವರ ಕೈ ಕುಲುಕಬೇಕೆಂದು ಮಗನಿಂದ ಮಾತು ತೆಗೆದುಕೊಂಡರು. ಆ ಮಗ 1973ರಲ್ಲಿ ಐರ್ಲೆಂಡಿನ ರಾಷ್ಟ್ರಪತಿಯಾದರು.

ಡಿಸೆಂಬರ್ 6ರಂದು ಐರಿಷ್ ಮುಕ್ತ ರಾಜ್ಯ ಅಧಿಕೃತವಾಗಿ ಹುಟ್ಟಿತು. ಮರುದಿನ ಡಬ್ಲಿನ್‌ನ ನದಿ ದಂಡೆಯ ರಸ್ತೆಯಲ್ಲಿ ಡಾಯ್ಲ್ ಸದಸ್ಯ ಶಾನ್ ಹೇಲ್ಸ್ ಒಪ್ಪಂದದ ವಿರೋಧಿಗಳ ಗುಂಡೇಟಿಗೆ ಸತ್ತರು. ಜೊತೆಗಿದ್ದ ಉಪಸಭಾಪತಿ ಗಾಯಗೊಂಡರು. ಶಾಸಕರನ್ನೇ ಒಬ್ಬೊಬ್ಬರಾಗಿ ಕೊಂದರೆ ಸದನ ಉಳಿಯುವುದಿಲ್ಲ ಎಂದು ಸಂಪುಟ ಹೆದರಿತು. ಒಪ್ಪಂದದ ವಿರುದ್ಧ ಹೋರಾಡಿ ಮೌಂಟ್‌ಜಾಯ್ ಜೈಲಿನಲ್ಲಿದ್ದ ರೋರಿ ಓಕಾನರ್, ಲಿಯಮ್ ಮೆಲೋಸ್, ಜೋ ಮೆಕೆಲ್ವಿ, ರಿಚರ್ಡ್ ಬ್ಯಾರೆಟ್ ಈ ನಾಲ್ವರನ್ನು ಬೆಳಗಾಗುವುದರೊಳಗೆ ಕೊಲ್ಲುವ ತೀರ್ಮಾನವಾಯಿತು. ಅವರು ಜೂನ್ ಕೊನೆಯಿಂದಲೂ ಸೆರೆಯಲ್ಲಿದ್ದವರು. ಹೇಲ್ಸ್ ಕೊಲೆಯಲ್ಲಿ ಅವರ ಕೈ ಇರಲು ಸಾಧ್ಯವೇ ಇರಲಿಲ್ಲ. ಸಂಪುಟದಲ್ಲಿ ಕೊನೆಯವರೆಗೂ ಹಿಂದೆ ಮುಂದೆ ನೋಡಿದವರಲ್ಲಿ ಓಹಿಗಿನ್ಸ್ ಒಬ್ಬರು. ಕೊನೆಗೆ ಒಪ್ಪಿದರು.

ಡಿಸೆಂಬರ್ 8ರಂದು ಸದನ ಸೇರಿದಾಗ ಜಾನ್ಸನ್ ಎದ್ದರು. ಇದು ಶಿಕ್ಷೆಯಲ್ಲ, ಕೊಲೆ ಎಂದರು. ಎರಡು ದಿನದ ಕೂಸಾದ ರಾಜ್ಯವನ್ನು ಸರ್ಕಾರವೇ ಕೊಂದುಹಾಕಿತು ಎಂಬ ನೋವು ಅವರ ಮಾತಿನಲ್ಲಿತ್ತು. ಓಹಿಗಿನ್ಸ್ ಉತ್ತರಕ್ಕೆ ನಿಂತರು. ದೇಶದ ಉಳಿವಿನ ಪ್ರಶ್ನೆ ಎಂದರು. ಆಮೇಲೆ ಹಗೆ, ವೈಯಕ್ತಿಕ ದ್ವೇಷ ಎಂಬ ಆಪಾದನೆಯ ಮಾತು ಬಂತು. ಆ ನಾಲ್ವರಲ್ಲಿ ಒಬ್ಬ ತನ್ನ ಗೆಳೆಯ ಎಂದರು. ಕೊರಳುಬ್ಬಿ ಬಂತು. ಮಾತು ಮುಂದುವರಿಯದೆ ಕುಳಿತುಬಿಟ್ಟರು.

ಆ ಕ್ಷಣದ ದುಃಖ ನಿಜವಾದದ್ದು. ದುಃಖ ನಿಜವಾಗಿದ್ದ ಮಾತ್ರಕ್ಕೆ ಕೃತ್ಯ ನ್ಯಾಯವಾಗುವುದಿಲ್ಲ. ವಿಚಾರಣೆಯಿಲ್ಲದೆ, ಮಾಡದ ಅಪರಾಧಕ್ಕೆ, ಇತರರಿಗೆ ಪಾಠವಾಗಲೆಂದು ನಾಲ್ವರನ್ನು ಕೊಂದದ್ದು ಕಾನೂನಿನ ಹೆಸರಿನಲ್ಲಿ ಹುಟ್ಟಿದ ಸರ್ಕಾರ ಕಾನೂನಿಗೇ ಬಗೆದ ದ್ರೋಹ. ಯುದ್ಧ ಮುಗಿಯುವಷ್ಟರಲ್ಲಿ ಸರ್ಕಾರ ಕೊಂದವರ ಲೆಕ್ಕ 77 ಎಂದು ಐರ್ಲೆಂಡಿನ ಜನ ಇಂದಿಗೂ ಹೇಳುತ್ತಾರೆ. ಸೇಡು ಮಂತ್ರಿಯ ಮನೆಗೂ ಬಂತು. 1923ರ ಫೆಬ್ರವರಿ 11ರಂದು ಸ್ಟ್ರಾಡ್‌ಬ್ಯಾಲಿಯ ಮನೆಗೆ ನುಗ್ಗಿದವರು ಓಹಿಗಿನ್ಸ್ ಅವರ ವೃದ್ಧ ತಂದೆಯನ್ನು ಕೊಂದರು.

ಅದಾಗಿ ಹದಿನೆಂಟನೇ ದಿನ, ಮಾರ್ಚ್ 1ರಂದು, ಡಾಯ್ಲ್‌ನಲ್ಲಿ ಓಹಿಗಿನ್ಸ್ ಆಡಿದ ಮಾತು ಅವರ ಹೆಸರಿಗೆ ಶಾಶ್ವತವಾಗಿ ಅಂಟಿಕೊಂಡಿದೆ. ಗೆದ್ದ ಕ್ರಾಂತಿಕಾರರ ಪೈಕಿ ತಮ್ಮಷ್ಟು ಸಂಪ್ರದಾಯದ ಮನಸ್ಸಿನವರು ಇರಲಿಕ್ಕಿಲ್ಲ ಎಂಬುದು ಅದರ ಸಾರ. ಅವರ ಮುಂದಿನ ನಾಲ್ಕು ವರ್ಷಗಳ ಕೆಲಸಕ್ಕೆ ಇದೇ ಕೀಲಿಕೈ. ಅವರಿಗೆ ಬೇಕಿದ್ದದ್ದು ನ್ಯಾಯಾಲಯ, ಪೊಲೀಸ್ ಠಾಣೆ, ಸಮಯಕ್ಕೆ ಕಟ್ಟುವ ಕಂದಾಯ. ಊರೂರಲ್ಲಿ ಬಂದೂಕು ಓಡಾಡುತ್ತಿದ್ದ ಕಾಲದಲ್ಲಿ ಹೊಸ ಪೊಲೀಸ್ ಪಡೆ, ಗಾರ್ಡಾ, ಬಂದೂಕಿಲ್ಲದೆ ಠಾಣೆಗಳಿಗೆ ಹೋಯಿತು. ಅದು ಹಾಗೇ ಇರಬೇಕೆಂದು ಓಹಿಗಿನ್ಸ್ ಹಟ ಹಿಡಿದರು. ಸಮವಸ್ತ್ರದ ಐರಿಷ್ ಪೊಲೀಸರು ಇವತ್ತಿಗೂ ಸಾಮಾನ್ಯವಾಗಿ ಬಂದೂಕಿಲ್ಲದೆ ಬೀದಿಯಲ್ಲಿ ನಡೆಯುತ್ತಾರೆ. ನನ್ನ ಮಟ್ಟಿಗೆ ಅವರ ಎಲ್ಲ ಮಾತುಗಳ ಫಲದಲ್ಲಿ ಇದೇ ಶ್ರೇಷ್ಠ.

1924ರ ಮಾರ್ಚಿನಲ್ಲಿ ಸೇನೆಯ ಕೆಲವು ಅಧಿಕಾರಿಗಳು ಸರ್ಕಾರಕ್ಕೇ ಗಡುವು ಕೊಟ್ಟರು. ಕಾಸ್ಗ್ರೇವ್ ಕಾಯಿಲೆ ಬಿದ್ದು ಮಲಗಿದ್ದರು. ಸದನ ನಿಭಾಯಿಸುವ ಭಾರ ಓಹಿಗಿನ್ಸ್ ಮೇಲೆ ಬಿತ್ತು. ಸೇನೆ ಚುನಾಯಿತ ಸರ್ಕಾರದ ಆಳು, ಯಜಮಾನನಲ್ಲ ಎಂಬ ನಿಲುವಿನಿಂದ ಅವರು ಕದಲಲಿಲ್ಲ. ದಂಗೆಯೆದ್ದವರ ಜೊತೆಗೆ, ಸಂಪುಟವನ್ನು ಕೇಳದೆ ಅವರ ಮೇಲೆ ದಾಳಿ ಮಾಡಿಸಿದ ಸೇನಾ ಮುಖಂಡರೂ ಸ್ಥಾನ ಬಿಡಬೇಕಾಯಿತು. ರಕ್ಷಣಾ ಸಚಿವ ರಿಚರ್ಡ್ ಮಲ್ಕಾಹಿ ರಾಜೀನಾಮೆ ಕೊಟ್ಟರು.

ಹೆಂಡದಂಗಡಿಗಳ ವಿಷಯದಲ್ಲೂ ಅವರು ಯಾರ ಮುಖವನ್ನೂ ನೋಡಲಿಲ್ಲ. ತಮ್ಮ ಪಕ್ಷಕ್ಕೇ ಬೆಂಬಲವಾಗಿದ್ದ ವ್ಯಾಪಾರಿಗಳನ್ನು ಎದುರು ಹಾಕಿಕೊಂಡು 1927ರಲ್ಲಿ ಅಂಗಡಿ ಸಮಯ ಬಿಗಿಗೊಳಿಸುವ ಕಾನೂನು ತಂದರು. ಡಬ್ಲಿನ್, ಕಾರ್ಕ್‌ಗಳಲ್ಲಿ ಮಧ್ಯಾಹ್ನ ಎರಡೂವರೆಯಿಂದ ಮೂರೂವರೆಯವರೆಗೆ ಬಾಗಿಲು ಹಾಕಬೇಕಾಯಿತು. ಆ ವರ್ಷದ ಜೂನ್ ಚುನಾವಣೆಯಲ್ಲಿ ಅವರ ಪಕ್ಷ 47 ಸ್ಥಾನಗಳಿಗೆ ಇಳಿಯಿತು. ಡಿ ವೆಲೆರಾ ಅವರ ಹೊಸ ಪಕ್ಷ ಫಿಯಾನಾ ಫಾಯ್ಲ್ 44 ಗೆದ್ದಿತು.

ಅದೇ 1927ರಲ್ಲಿ ಅವರು ತಂದ ಇನ್ನೊಂದು ಮಸೂದೆ ಹೆಂಗಸರನ್ನು ನ್ಯಾಯಾಲಯದ ಜ್ಯೂರಿ ಪಟ್ಟಿಯಿಂದ ಕೈಬಿಟ್ಟಿತು. ಬೇಕಾದವರು ತಾವಾಗಿ ಅರ್ಜಿ ಹಾಕಿಕೊಳ್ಳಲಿ ಎಂದಿತು. ಬಹಳಷ್ಟು ಹೆಂಗಸರಿಗೆ ಈ ಕೆಲಸ ಬೇಡವಾಗಿದೆ ಎಂಬುದು ಅವರ ಸಮರ್ಥನೆ. ಸ್ವಾತಂತ್ರ್ಯ ಹೋರಾಟದಲ್ಲಿ ನುರಿತ ಜೆನಿ ವೈಸ್ ಪವರ್ ಮೇಲ್ಮನೆಯಲ್ಲಿ ಇದನ್ನು ಗಟ್ಟಿಯಾಗಿ ವಿರೋಧಿಸಿದರು. ಸರಿ ಇದ್ದದ್ದು ಅವರ ಕಡೆಯೇ. ಐದು ವರ್ಷ ಹಿಂದೆ ಇದೇ ಮಂತ್ರಿ ದಾಟಿಸಿದ ಸಂವಿಧಾನ ಗಂಡು ಹೆಣ್ಣೆಂಬ ಭೇದ ಬೇಡವೆಂದಿತ್ತು. ಈ ಕಾನೂನನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಲು 1975 ಬರಬೇಕಾಯಿತು. ಅಷ್ಟು ವರ್ಷವೂ ಐರ್ಲೆಂಡಿನಲ್ಲಿ ಹೆಂಗಸರ ಮೇಲಿನ ದೌರ್ಜನ್ಯದ ಮೊಕದ್ದಮೆಗಳಲ್ಲೂ ಜ್ಯೂರಿಯಲ್ಲಿ ಕೂತವರು ಬಹುಪಾಲು ಗಂಡಸರೇ.

1927ರ ಜುಲೈ 10, ಭಾನುವಾರ. ಬೂಟರ್ಸ್‌ಟೌನ್‌ನ ಮನೆಯಿಂದ ಚರ್ಚಿನ ಪೂಜೆಗೆ ಓಹಿಗಿನ್ಸ್ ಒಬ್ಬರೇ ನಡೆದು ಹೊರಟಿದ್ದರು. ಕಾವಲಿನವನು ಜೊತೆಗಿರಲಿಲ್ಲ. ದಾರಿಯಲ್ಲಿ ಮೂವರು ಗುಂಡು ಹಾರಿಸಿದರು. ಕೆಲವು ಗಂಟೆ ಜೀವ ಹಿಡಿದಿದ್ದ ಅವರು ಕೊಂದವರನ್ನು ಕ್ಷಮಿಸಿದ್ದೇನೆ ಎಂದು ಹೇಳಿ ಪ್ರಾಣಬಿಟ್ಟರು. ವಯಸ್ಸು 35. ಕಿರಿಯ ಮಗಳು ಊನಾ ಇನ್ನೂ ಹಸುಗೂಸು. 1987ರಲ್ಲಿ ಅದೇ ಬೂಟರ್ಸ್‌ಟೌನ್‌ನಲ್ಲಿ ಆಕೆ ತಂದೆಯ ಹೆಸರಿನಲ್ಲೂ ತಂದೆಯನ್ನು ಕೊಂದ ಮೂವರ ಹೆಸರಿನಲ್ಲೂ ಒಟ್ಟಿಗೆ ಪೂಜೆ ಮಾಡಿಸಿದರು.

ಓಹಿಗಿನ್ಸ್ ಸಾವಿನ ನಂತರ 1927ರಲ್ಲೇ ಸರ್ಕಾರ ಒಂದು ಕಾನೂನು ತಂದಿತು: ಗೆದ್ದರೆ ಸದನದಲ್ಲಿ ಪ್ರಮಾಣ ಮಾಡುತ್ತೇನೆಂದು ಒಪ್ಪದವರು ಚುನಾವಣೆಗೇ ನಿಲ್ಲುವಂತಿಲ್ಲ. ಹೊರಗುಳಿಯುವ ದಾರಿ ಮುಚ್ಚಿತು. ಆಗಸ್ಟ್ ಎರಡನೇ ವಾರ ಡಿ ವೆಲೆರಾ ಮತ್ತವರ ಸಂಗಾತಿಗಳು ಪ್ರಮಾಣದ ಪುಸ್ತಕಕ್ಕೆ ಸಹಿ ಹಾಕಿ ಡಾಯ್ಲ್ ಒಳಗೆ ಬಂದು ಕೂತರು. ಆಗಸ್ಟ್ 16ರಂದು ಜಾನ್ಸನ್ ಅವಿಶ್ವಾಸ ನಿರ್ಣಯ ಮಂಡಿಸಿದಾಗ ಮತಗಳು 71-71 ಆದವು. ಸಭಾಪತಿಯ ಒಂದು ಮತದಿಂದ ಸರ್ಕಾರ ಉಳಿಯಿತು. 1932ರ ಮಾರ್ಚಿನಲ್ಲಿ ಅದೇ ಸರ್ಕಾರ ಸೋತು, ಅಂತರ್ಯುದ್ಧದಲ್ಲಿ ತಾನು ಸೋಲಿಸಿದವರ ಕೈಗೆ ಅಧಿಕಾರ ಒಪ್ಪಿಸಿತು. ಗುಂಡು ಹಾರಲಿಲ್ಲ. ಮರುವರ್ಷ ಡಿ ವೆಲೆರಾ ದೊರೆಯ ಹೆಸರಿನ ಪ್ರಮಾಣವನ್ನು ಕಾನೂನಿನ ಮೂಲಕವೇ ತೆಗೆದುಹಾಕಿದರು. 1921ರಲ್ಲಿ ಓಹಿಗಿನ್ಸ್ ವಾದಿಸಿದ್ದು ಈ ದಾರಿಯನ್ನೇ.

1922ರ ಡಿಸೆಂಬರ್ 8ರ ನಡಾವಳಿ ಈಗ ಯಾರು ಬೇಕಾದರೂ ತೆಗೆದು ಓದುವಂತಿದೆ. ಓದಲು ಕೂತವರು ಮಂತ್ರಿಯ ಉತ್ತರಕ್ಕೆ ಹಾರಬೇಡಿ. ಥಾಮಸ್ ಜಾನ್ಸನ್ ಕೇಳಿದ್ದನ್ನು ಮೊದಲು ಓದಿ.