ಬೀಸು ಮತ್ತು ಸ್ವಿಂಗ್

ಕೆಲವು ವರ್ಷಗಳ ಕೆಳಗೆ ಕುಣಿಗಲ್ಲಿನ ಬಯಲೊಂದರಲ್ಲಿ ಹುಡುಗರ ಕ್ರಿಕೆಟ್ ನೋಡುತ್ತ ನಿಂತಿದ್ದೆ. ‘ಸ್ವಿಂಗ್ ಆಯ್ತು ಕಣೋ’ ಎಂದು ಒಬ್ಬ ಕೂಗಿದ. ಮೇಷ್ಟರ ಚಪಲ ನೋಡಿ, ‘ಬೀಸು ಅನ್ನಬಾರದೇನಪ್ಪ?’ ಎಂದುಬಿಟ್ಟೆ. ‘ಇಲ್ಲ ಸಾರ್, ಬೀಸೋದು ಬ್ಯಾಟು, ಸ್ವಿಂಗ್ ಆಗೋದು ಬಾಲು’ ಎಂದ. ಬಹುಕಾಲ ಭಾಷಾಶಾಸ್ತ್ರ ಬೋಧಿಸಿದ ನಾನು ಅಲ್ಲಿ ಸುಮ್ಮನಾಗಬೇಕಾಯಿತು.

ಬೀಸು ಬಹಳ ಹಳೆಯ ಮಾತು. ತಮಿಳಿನ ವೀಸು, ತೆಲುಗಿನ ವೀಚು ಇದರ ಒಡಹುಟ್ಟುಗಳು. ಪದಾದಿಯ ವಕಾರವು ಕನ್ನಡದಲ್ಲಿ ಬಕಾರವಾಗುವುದು ನಿಯಮವಷ್ಟೆ: ವಿಲ್ ಬಿಲ್ಲಾಯಿತು, ವೇರ್ ಬೇರಾಯಿತು. ಕೆರೆಯಲ್ಲಿ ಬೆಸ್ತರು ಬಲೆ ಬೀಸುತ್ತಾರೆ. ತುಮಕೂರು, ಗುಬ್ಬಿ ಸೀಮೆಯ ಹೆಂಗಸರು ಹಿಟ್ಟಿನ ಗಿರಣಿ ಬರುವವರೆಗೂ ನಸುಕಿನಲ್ಲೆದ್ದು, ಪದ ಹೇಳುತ್ತ ರಾಗಿ ಬೀಸುತ್ತಿದ್ದರು. ರನ್ನನ ಭೀಮನಾಗಲಿ, ಗುಬ್ಬಿ ಕಂಪನಿಯ ರಂಗದ ಮೇಲಿನ ಭೀಮನಾಗಲಿ, ಗದೆಯನ್ನು ಬೀಸದೆ ಗತ್ಯಂತರವಿರಲಿಲ್ಲ. ಗಾಳಿಯೊಂದನ್ನುಳಿದರೆ ಈ ಮಾತಿನ ಹಿಂದೆ ತೋಳೊಂದು ದುಡಿಯುತ್ತಿರುತ್ತದೆ. ಆದುದರಿಂದಲೇ ಚಿನ್ನಿದಾಂಡಿನ ದಾಂಡಿಗೂ, ನಮ್ಮ ಕಡೆ ತೆಂಗಿನ ಗರಿಯ ಮಟ್ಟೆಯನ್ನು ಕೆತ್ತಿ ಮಾಡಿಕೊಳ್ಳುವ ಬ್ಯಾಟಿಗೂ ಅದು ಸಲೀಸಾಗಿ ಒಗ್ಗಿತು.

ಇಂಗ್ಲಿಷಿನ ಸ್ವಿಂಗ್ ಮೊದಲು ಹೊಡೆ, ಚಾವಟಿಯಿಂದ ಬಾರಿಸು ಎಂಬ ಅರ್ಥದ ಶಬ್ದ. ತೂಗಾಟದ ಅರ್ಥ ಆಮೇಲಿನದು. ಗಾಲ್ಫ್, ಬೇಸ್‌ಬಾಲ್‌ಗಳಲ್ಲಿ ಅದು ಆಟಗಾರನ ಬೀಸಿನ ಹೆಸರು. ಕ್ರಿಕೆಟ್ಟಿನಲ್ಲಿ ಚೆಂಡು ಗಾಳಿಯಲ್ಲೇ ಪಕ್ಕಕ್ಕೆ ಬಾಗುವುದಕ್ಕೂ ಅದೇ ಹೆಸರಾಯಿತು. ಫಿಲಡೆಲ್ಫಿಯದ ಬಾರ್ಟ್ ಕಿಂಗ್ ಬೇಸ್‌ಬಾಲಿನ ಎಸೆತದ ವಿದ್ಯೆಯನ್ನು ಕ್ರಿಕೆಟ್ಟಿಗೆ ತಂದವರಲ್ಲೊಬ್ಬ. 1897ರಲ್ಲಿ ಸಸೆಕ್ಸ್ ತಂಡದ ಎದುರು 13 ರನ್ನಿಗೆ 7 ವಿಕೆಟ್ ಕಿತ್ತ. ನಮ್ಮ ರಣಜಿತ್‌ಸಿಂಹರು ಮೊದಲ ಚೆಂಡಿಗೇ ಬಲಿಯಾದರು. ಬೆಂಗಳೂರಿನ ರೋಜರ್ ಬಿನ್ನಿಯವರು 1983ರ ವಿಶ್ವಕಪ್ಪಿನಲ್ಲಿ 18 ವಿಕೆಟ್ ಪಡೆದು ಎಲ್ಲರಿಗಿಂತ ಮುಂದೆ ನಿಂತುದರಲ್ಲೂ ಈ ವಿದ್ಯೆಯ ಪಾಲು ದೊಡ್ಡದು. ಹೊಲಿಗೆಯನ್ನು ಓರೆಯಾಗಿ ಹಿಡಿದು ಎಸೆದರೆ, ಹೊಲಿಗೆಯ ಬದಿಯ ಗಾಳಿ ಕಲಕಿ ಚೆಂಡಿಗೆ ಹೆಚ್ಚು ಹೊತ್ತು ಅಂಟಿಕೊಳ್ಳುತ್ತದೆ. ನುಣುಪು ಬದಿಯ ಗಾಳಿ ಬೇಗ ಕಳಚಿಕೊಳ್ಳುತ್ತದೆ. ಹೊಸ ಚೆಂಡು ಹೊಲಿಗೆ ತೋರಿದತ್ತ ಬಾಗುತ್ತದೆ.

ಆ ಗಳಿಗೆಯಲ್ಲಿ ಚೆಂಡಿನ ಮೇಲೆ ಯಾರ ತೋಳೂ ಇಲ್ಲ. ಹುಡುಗ ಬೀಸು ಎನ್ನಲೊಪ್ಪದಿದ್ದುದು ಇದಕ್ಕೇ ಇರಬೇಕು. ಇಂಗ್ಲಿಷಿನವರು ಒಂದೇ ಮಾತಿನಲ್ಲಿ ತುರುಕಿದ್ದನ್ನು ಅವನು ಎರಡಾಗಿ ಬಿಡಿಸಿಟ್ಟಿದ್ದ.

ಆದರೂ ಆಸೆ ಬಿಡಲಿಲ್ಲ. ‘ಹಾಗಾದರೆ ಬಾಗು ಅನ್ನಿ’ ಎಂದೆ. ‘ಬಾಗೋದು ಬೆನ್ನಲ್ಲವಾ ಸಾರ್’ ಎಂದು ನಗುತ್ತ ಚೆಂಡು ತರಲು ಓಡಿದ.