ನ್ಯೂ ಸೌತ್ ವೇಲ್ಸ್ ವಸಾಹತಿನಲ್ಲಿ ಮರಣದಂಡನೆ

ಆಂಗ್ಲರು ೧೭೮೮ನೆಯ ಇಸವಿಯಲ್ಲಿ ಆಸ್ಟ್ರೇಲಿಯ ಖಂಡದ ಪೂರ್ವತೀರದಲ್ಲಿ, ಈಯೋರ ಜನರ ನೆಲದಲ್ಲಿ, ನ್ಯೂ ಸೌತ್ ವೇಲ್ಸ್ ವಸಾಹತನ್ನು ಸ್ಥಾಪಿಸಿದುದು ದ್ವೀಪಾಂತರ ಶಿಕ್ಷೆಗೆ ಗುರಿಯಾದ ಅಪರಾಧಿಗಳಿಗಾಗಿ ಎಂಬುದು ಚರಿತ್ರಜ್ಞರಿಗೆ ತಿಳಿದುದೇ ಆಗಿದೆ. ಹನ್ನೊಂದು ಹಡಗುಗಳಲ್ಲಿ ಏಳುನೂರಕ್ಕೂ ಮೇಲ್ಪಟ್ಟು ಅಪರಾಧಿಗಳು ಅಲ್ಲಿಗೆ ಬಂದರು. ಇವರಲ್ಲಿ ಅನೇಕರು ಸ್ವದೇಶದಲ್ಲಿ ಮರಣದಂಡನೆಯ ತೀರ್ಪನ್ನು ಪಡೆದು, ರಾಜಕ್ಷಮೆಯಿಂದ ಬದುಕಿಕೊಂಡವರು. ಗಲ್ಲಿನಿಂದ ಪಾರಾದವರ ನಾಡಿಗೆ ಗಲ್ಲು ಮತ್ತೆ ಹೇಗೆ ಬಂದಿತೆಂಬುದು ವಿಚಾರಾರ್ಹವಾದ ವಿಷಯ.

ಮೊದಲ ಗವರ್ನರನಾದ ಆರ್ಥರ್ ಫಿಲಿಪ್ ಕ್ರೂರಿಯಲ್ಲ. ಕೊಲೆ, ಪುರುಷಮೈಥುನ ಇವೆರಡು ಅಪರಾಧಗಳಿಗೆ ಮಾತ್ರವೇ ಮರಣದಂಡನೆ ತಕ್ಕುದೆಂದೂ, ನೀತಿಯಿಲ್ಲದವನನ್ನು ಸಾವಿನ ಭಯವು ದುಷ್ಕಾರ್ಯದಿಂದ ತಡೆಯಲಾರದೆಂದೂ ಆತನು ಪ್ರಯಾಣಕ್ಕೆ ಮೊದಲೇ ತನ್ನ ಟಿಪ್ಪಣಿಗಳಲ್ಲಿ ಬರೆದಿದ್ದನು. ಆದರೆ ಸಿಡ್ನಿಯಲ್ಲಿ ಇಳಿದು ಒಂದು ತಿಂಗಳು ಕಳೆಯುತ್ತಲೇ, ೧೭೮೮ರ ಫೆಬ್ರವರಿ ೨೭ರಂದು, ತಾಮಸ್ ಬ್ಯಾರೆಟ್ ಎಂಬ ಅಪರಾಧಿಯನ್ನು ಗಲ್ಲಿಗೇರಿಸಲಾಯಿತು. ಆತನ ಅಪರಾಧ ಕೊಲೆಯಲ್ಲ. ಸರ್ಕಾರದ ಉಗ್ರಾಣದಿಂದ ಆಹಾರ ಪದಾರ್ಥವನ್ನು ಕದ್ದುದು. ಜಡ್ಜ್ ಅಡ್ವೊಕೇಟನೂ ಆರು ಮಂದಿ ಅಧಿಕಾರಿಗಳೂ ಕೂಡಿದ ನ್ಯಾಯಸ್ಥಾನವು ಈ ತೀರ್ಪನ್ನು ಕೊಟ್ಟಿತು. ಸ್ವಲ್ಪದರಲ್ಲಿಯೇ ಹಿಟ್ಟನ್ನು ಕದ್ದು ಮರಣದಂಡನೆಗೆ ಗುರಿಯಾದ ಜೇಮ್ಸ್ ಫ್ರೀಮನ್ನನಿಗೆ, ವಸಾಹತಿನ ಕೊಲೆಗಡುಕನ ಕೆಲಸವನ್ನು ಒಪ್ಪಿಕೊಳ್ಳಬೇಕೆಂಬ ನಿಬಂಧನೆಯ ಮೇಲೆ ಕ್ಷಮೆ ದೊರೆಯಿತು.

ಈ ವ್ಯತ್ಯಾಸಕ್ಕೆ ಕಾರಣವನ್ನು ಗವರ್ನರನ ಸ್ವಭಾವದಲ್ಲಿ ಹುಡುಕಬೇಕಾಗಿಲ್ಲ, ಉಗ್ರಾಣದಲ್ಲಿ ಹುಡುಕಬೇಕು. ಹೊಸ ನೆಲದಲ್ಲಿ ಬೆಳೆ ಕೈಗೆ ಹತ್ತಲಿಲ್ಲ. ಹಡಗಿನಲ್ಲಿ ತಂದ ಧಾನ್ಯ ಮಾಂಸಗಳೇ ಎಲ್ಲರ ಪ್ರಾಣಾಧಾರ. ೧೭೯೦ರ ಏಪ್ರಿಲಿನಲ್ಲಿ ವಾರದ ಪಡಿ ಎರಡೂವರೆ ಪೌಂಡು ಹಿಟ್ಟು, ಎರಡು ಪೌಂಡು ಅಕ್ಕಿ, ಎರಡು ಪೌಂಡು ಹಂದಿಮಾಂಸಕ್ಕೆ ಇಳಿಯಿತು. ಇಂತಹ ಸ್ಥಿತಿಯಲ್ಲಿ ಒಬ್ಬನ ಕಳವು ಎಲ್ಲರ ಜೀವಕ್ಕೆ ಅಪಾಯವೆಂದು ಎಣಿಸಲ್ಪಟ್ಟಿತು.

ಈ ನಿಯಮವು ಕಾವಲುಗಾರರನ್ನೂ ಬಿಡಲಿಲ್ಲ. ಕಳ್ಳ ಬೀಗದ ಕೈಗಳಿಂದ ಅನೇಕ ತಿಂಗಳು ಉಗ್ರಾಣವನ್ನು ದೋಚಿದ ಆರು ಮಂದಿ ನೌಕಾಸೈನಿಕರನ್ನು ೧೭೮೯ರ ಮಾರ್ಚ್ ೨೭ರಂದು ಒಟ್ಟಿಗೆ ಗಲ್ಲಿಗೇರಿಸಿದರು. ಅಪರಾಧಿಗೂ ಅವನನ್ನು ಕಾಯುವವನಿಗೂ ಅಲ್ಲಿ ಒಂದೇ ದಂಡನೆಯಾಯಿತು.

ಆದರೆ ಈ ಸಮಾನತೆಯಲ್ಲಿಯೇ ಆ ದಂಡನೆಯ ವೈಫಲ್ಯವೂ ಅಡಗಿದೆ. ಬ್ಯಾರೆಟ್ಟನ ಮರಣವನ್ನು ಬಲ್ಲವರೇ ಉಗ್ರಾಣದ ಬಾಗಿಲನ್ನು ತೆರೆದರು. ಹಸಿವು ಗಲ್ಲಿಗೆ ಅಂಜಲಿಲ್ಲ. ಸಾವಿನ ಭಯದ ವಿಷಯದಲ್ಲಿ ಫಿಲಿಪ್ಪನಿಗೆ ಮೊದಲೇ ಇದ್ದ ಸಂದೇಹವನ್ನು ಆತನ ಆಳ್ವಿಕೆಯೇ ಸಮರ್ಥಿಸಿತೆಂದು ಹೇಳಬೇಕಾಗಿದೆ.