ರೆಕಾರ್ಡಿಗಿಂತ ಮೊದಲು ರಂಗ: ಅಮೀರ್‌ಬಾಯಿ ಕರ್ನಾಟಕಿ ಮತ್ತು ಲಕ್ಷ್ಮೇಶ್ವರ ಸೀಮೆಯ ಕಂಪನಿ ನಾಟಕ

ಹಿಂದಿ ಚಿತ್ರಸಂಗೀತದ ಚರಿತ್ರೆ ಬರೆದವರು ಅಮೀರ್‌ಬಾಯಿ ಕರ್ನಾಟಕಿಯವರ ಬದುಕನ್ನು ಸಾಮಾನ್ಯವಾಗಿ ಒಂದೇ ಕ್ರಮದಲ್ಲಿ ಹೇಳುತ್ತ ಬಂದಿದ್ದಾರೆ. ಬೀಳಗಿಯ ಹುಡುಗಿ ಮ್ಯಾಟ್ರಿಕ್ ಮುಗಿಸಿ, ಹದಿನೈದರ ಹರೆಯದಲ್ಲಿ ಮುಂಬಯಿ ಸೇರಿದಳು, ಎಚ್.ಎಂ.ವಿ. ಕಂಪನಿಯವರು ಹಾಡಿಸಿದ ಒಂದು ಕವ್ವಾಲಿ ಜನರ ಬಾಯಲ್ಲಿ ನಿಂತಿತು. ಆ ಹೆಸರಿನ ಬಲದಿಂದ ಸಿನಿಮಾದ ಬಾಗಿಲು ತೆರೆಯಿತು. ಲತಾ ಮಂಗೇಶ್ಕರ್ ಬಂದ ಮೇಲೆ ಹಾಡುಗಳು ಕೈತಪ್ಪಿ, ಅನಿವಾರ್ಯವಾಗಿ ಪೋಷಕ ಪಾತ್ರಗಳಿಗೆ ಇಳಿದಳು ಎಂಬುದು ಈ ಕಥನದ ಕೊನೆಯ ಭಾಗ. ಇದರಲ್ಲಿ ಹಾಡು ಮೊದಲು, ನಟನೆ ಆಮೇಲೆ. ಹಾಡು ಪ್ರತಿಭೆ, ನಟನೆ ಉಪಜೀವನ. ಈ ಕ್ರಮವನ್ನೇ ನಾನು ಒಪ್ಪುವುದಿಲ್ಲ. ಅಮೀರ್‌ಬಾಯಿ ತೆರೆಗೆ ಬಂದದ್ದು ರೆಕಾರ್ಡಿನ ಹಾದಿಯಿಂದಲ್ಲ, ಉತ್ತರ ಕರ್ನಾಟಕದ ಕಂಪನಿ ನಾಟಕದ ಹಾದಿಯಿಂದ ಎಂಬುದು ನನ್ನ ವಾದ. ಆ ಹಾದಿಯನ್ನು ಹೆಣ್ಣುಮಕ್ಕಳಿಗೆ ತೆರೆದ ಊರುಗಳಲ್ಲಿ ಲಕ್ಷ್ಮೇಶ್ವರಕ್ಕೆ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲ.

ವಿವಾದವಿಲ್ಲದ ಸಂಗತಿಗಳನ್ನು ಬೇಗ ಹೇಳಿ ಮುಗಿಸಬಹುದು. ತಂದೆ ಹುಸೇನ್ ಸಾಹೇಬರು ತಬಲಾ ನುಡಿಸುತ್ತಿದ್ದರು, ತಾಯಿ ಅಮೀನಾಬಿ ಹಾಡುತ್ತಿದ್ದರು. ಇಬ್ಬರೂ ನಾಟಕ ಕಂಪನಿಯಲ್ಲಿ ದುಡಿದವರು. ಅಕ್ಕ ಗೋಹರಬಾಯಿ ಮುಂದೆ ಬಾಲಗಂಧರ್ವರ ಕಂಪನಿಯಲ್ಲಿ ನಾಯಕಿಯಾಗಿ, 1951ರಲ್ಲಿ ಅವರನ್ನೇ ಮದುವೆಯಾದರು. ಅಮೀರ್‌ಬಾಯಿಯನ್ನು 1934ರ ‘ವಿಷ್ಣುಭಕ್ತಿ’ ಚಿತ್ರಕ್ಕೆ ಕರೆತಂದವರು ಈ ಅಕ್ಕನೇ. 1943ರ ‘ಕಿಸ್ಮತ್’ ಚಿತ್ರದಲ್ಲಿ ಅನಿಲ್ ಬಿಸ್ವಾಸ್ ಸಂಗೀತಕ್ಕೆ ಹಾಡಿದ ಹಾಡುಗಳು, ಮರುವರ್ಷ ‘ರತನ್’ ಚಿತ್ರದಲ್ಲಿ ನೌಷಾದ್ ಹಾಡಿಸಿದ ಹಾಡುಗಳು ಅವರನ್ನು ದೇಶದ ಮನೆಮಾತಾಗಿಸಿದವು. ‘ಕಿಸ್ಮತ್’ ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರವೊಂದರಲ್ಲೇ ಮೂರು ವರ್ಷ ಮೀರಿ ಓಡಿತು. ಅಮೀರ್‌ಬಾಯಿ ತೀರಿಕೊಂಡದ್ದು 1965ರ ಮಾರ್ಚ್ 3ರಂದು. ಕನ್ನಡದಲ್ಲಿ ಈ ಜೀವವನ್ನು ಮರೆವಿನಿಂದ ಎತ್ತಿ ತಂದದ್ದು ರಹಮತ್ ತರೀಕೆರೆಯವರ ಪುಸ್ತಕ. ಅದಿಲ್ಲದಿದ್ದರೆ ಇಂಥ ಚರ್ಚೆಗೆ ನೆಲೆಯೇ ಇರುತ್ತಿರಲಿಲ್ಲ.

ತೊಡಕಿರುವುದು ಮೊದಲ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ. ಅವರ ಹುಟ್ಟಿದ ವರ್ಷವನ್ನು ಕೆಲವರು 1906 ಎನ್ನುತ್ತಾರೆ, ಕೆಲವರು 1912 ಎನ್ನುತ್ತಾರೆ. ಇಲ್ಲಿ ಯಾವುದು ಸರಿ ಎಂದು ತೀರ್ಮಾನಿಸುವ ಅಗತ್ಯವಿಲ್ಲ. ಎರಡನ್ನೂ ಒಪ್ಪಿಕೊಂಡೇ ಲೆಕ್ಕ ಹಾಕೋಣ. ಹದಿನೈದಕ್ಕೆ ಮುಂಬಯಿ ಸೇರಿದ್ದು ನಿಜವಾದರೆ, ಆ ವರ್ಷ 1921 ಇಲ್ಲವೆ 1927 ಆಗಬೇಕು. ಮೊದಲ ಭಾರತೀಯ ವಾಕ್ಚಿತ್ರ ‘ಆಲಂ ಆರಾ’ ತೆರೆಕಂಡದ್ದು 1931ರ ಮಾರ್ಚ್ 14ರಂದು. ಅಂದರೆ ಹಾಡುವವರು ಸಿನಿಮಾಕ್ಕೆ ಬೇಕಾಗುವುದಕ್ಕೆ ನಾಲ್ಕು ವರ್ಷ ಇಲ್ಲವೆ ಹತ್ತು ವರ್ಷ ಮೊದಲೇ ಅವರು ಮುಂಬಯಿಯಲ್ಲಿದ್ದರು ಎಂದಾಯಿತು. ‘ವಿಷ್ಣುಭಕ್ತಿ’ಗಂತೂ ಏಳರಿಂದ ಹದಿಮೂರು ವರ್ಷದ ಅಂತರವಿದೆ. ಒಂದು ಕವ್ವಾಲಿಯ ಖ್ಯಾತಿ ಇಷ್ಟು ವರ್ಷ ಕಾಯ್ದುಕೊಂಡು ಕೂತು, ಆಮೇಲೆ ಸಿನಿಮಾದ ಕದ ತೆರೆಸಿತೆಂದು ನಂಬುವುದು ಕಷ್ಟ. ಕವ್ವಾಲಿ ಅಷ್ಟು ಹೆಸರು ತಂದಿದ್ದರೆ ಪರಿಚಯಿಸಲು ಅಕ್ಕ ಬೇಕಾಗಿರಲಿಲ್ಲ.

ಮ್ಯಾಟ್ರಿಕ್ ಮಾತನ್ನೂ ಒರೆಗೆ ಹಚ್ಚಬೇಕು. ಕ್ಯಾಂಪಿನಿಂದ ಕ್ಯಾಂಪಿಗೆ ತಿರುಗುವ ಕಂಪನಿಯಲ್ಲಿ ದುಡಿಯುತ್ತಿದ್ದ ತಂದೆತಾಯಿಯ ಮಗಳು, ಅದೂ ಆ ಕಾಲದ ಬೀಳಗಿಯಂಥ ಊರಿನಿಂದ, ಹದಿನೈದಕ್ಕೇ ಮ್ಯಾಟ್ರಿಕ್ ಮುಗಿಸಿದ್ದಳು ಎಂಬುದು ಅಸಾಧ್ಯವಲ್ಲದಿದ್ದರೂ ಸಹಜವಲ್ಲ. ಗಾಯಕಿಯರ ಜೀವನಚಿತ್ರಗಳಲ್ಲಿ ಓದಿದ ಹುಡುಗಿ ಎಂಬ ವಿವರಕ್ಕೆ ಆ ಕಾಲದಲ್ಲಿ ವಿಶೇಷ ಬೆಲೆಯಿತ್ತು: ಅದು ಹಾಡುವ ವೃತ್ತಿಗೆ ಮರ್ಯಾದೆ ತಂದುಕೊಡುತ್ತಿತ್ತು. ಕಂಪನಿಯ ತಾಲೀಮಿನಲ್ಲಿ ಬೆಳೆದವಳು ಎಂಬ ವಿವರ ಆ ಮರ್ಯಾದೆಯನ್ನು ಕೊಡುತ್ತಿರಲಿಲ್ಲ. ಶಾಲೆ ಎದ್ದು ಕಾಣುವಂತೆ ಉಳಿದು, ರಂಗ ಅಳಿಸಿಹೋದದ್ದಕ್ಕೆ ಇದೇ ಕಾರಣವಿರಬಹುದೆಂದು ನನಗನ್ನಿಸುತ್ತದೆ.

ಹಾಗಾದರೆ ಆ ನಡುವಿನ ವರ್ಷಗಳನ್ನು ತುಂಬಿದ್ದು ಏನು? ಉತ್ತರಕ್ಕೆ ಮುಂಬಯಿಯಲ್ಲಿ ಹುಡುಕುವ ಮೊದಲು ಗದಗ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ನೋಡಬೇಕು. ಕನ್ನಡ ವೃತ್ತಿರಂಗಭೂಮಿ ಬೇರೂರಿದ ನೆಲಗಳಲ್ಲಿ ಇದು ಮುಖ್ಯವಾದದ್ದು. ಮರಾಠಿ ನಾಟಕದ ಅಬ್ಬರದ ಎದುರಿಗೆ ಶಾಂತಕವಿಗಳು ಕನ್ನಡ ನಾಟಕ ಕಟ್ಟಿದ್ದು ಗದುಗಿನಲ್ಲಿ. ಶಿರಹಟ್ಟಿ ವೆಂಕೋಬರಾಯರ ಕಂಪನಿ, ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಇವು ಇದೇ ನೆಲದವು. ಆಡಳಿತದ ದೃಷ್ಟಿಯಿಂದ ಮಾತ್ರ ಈ ಊರುಗಳು ಹರಿದು ಹಂಚಿಹೋಗಿದ್ದವು: ಗದಗ ಬ್ರಿಟಿಷರ ಧಾರವಾಡ ಜಿಲ್ಲೆಗೆ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜಿನ ಪಟವರ್ಧನರಿಗೆ, ಸನಿಹದ ಕುಂದಗೋಳ ಜಮಖಂಡಿಗೆ ಸೇರಿದ್ದವು. ಈ ಹರಿದುಹಂಚುವಿಕೆಯೇ ಕಲಾವಿದರಿಗೆ ಅನುಕೂಲವಾಯಿತು. ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾಸ್ವಯಂವರ’ ಆಡಿದ ಸಾಂಗ್ಲಿ, ಅಬ್ದುಲ್ ಕರೀಂ ಖಾನರು ನೆಲೆನಿಂತ ಮಿರಜು, ಇವೆರಡೂ ಲಕ್ಷ್ಮೇಶ್ವರ, ಶಿರಹಟ್ಟಿಗಳಿಗೆ ಪರಊರುಗಳಾಗಿರಲಿಲ್ಲ, ದೊರೆಗಳ ಊರುಗಳಾಗಿದ್ದವು. ಕಚೇರಿ ಕೆಲಸಕ್ಕೆ ಹೋಗಿಬರುವ ದಾರಿಯಲ್ಲೇ ಹಾಡು, ವಾದ್ಯ, ನಾಟಕಗಳೂ ಹೋಗಿಬರುತ್ತಿದ್ದವು.

ಈ ಸೀಮೆಯ ಗಂಡಸರ ಮಟ್ಟಿಗೆ ರಂಗ ಮೊದಲು, ರೆಕಾರ್ಡು ಆಮೇಲೆ ಎಂಬ ಕ್ರಮ ಸ್ಪಷ್ಟವಾಗಿದೆ. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, ಮರಾಠಿ ಕಂಪನಿಗಳಲ್ಲಿ ಸ್ತ್ರೀಪಾತ್ರ ಮಾಡಿ ಹೆಸರು ಗಳಿಸಿದವರು. ಮಲ್ಲಿಕಾರ್ಜುನ ಮನಸೂರರು ಹುಡುಗರಾಗಿದ್ದಾಗಲೇ ವಾಮನರಾವ್ ಮಾಸ್ತರರ ಕಂಪನಿಯಲ್ಲಿದ್ದರು. ಮಿರಜಿನ ನೀಲಕಂಠಬುವಾ ಅವರ ಕಂಠವನ್ನು ಗುರುತಿಸಿದ್ದು ಆ ಕಾಲದಲ್ಲೇ, ರೆಕಾರ್ಡುಗಳು ಬಂದದ್ದು ಆಮೇಲೆ. ಯಲಿವಾಳದ ಬಸವರಾಜ ರಾಜಗುರುಗಳೂ ಕಂಪನಿಯ ನೀರು ಕುಡಿದವರೇ. ಇದಕ್ಕೆ ಹೊರತಾದ ಒಂದು ದಾರಿಯೂ ಇದೇ ಜಿಲ್ಲೆಯಲ್ಲಿದೆ: ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ರೆಕಾರ್ಡು ಕೇಳಿ, 1933ರಲ್ಲಿ ಗದಗಿನಿಂದ ಮನೆ ಬಿಟ್ಟು ಗುರುವನ್ನು ಹುಡುಕಿಕೊಂಡು ಹೋದರು. ಆದರೆ ಅಲ್ಲಿ ರೆಕಾರ್ಡು ಒಬ್ಬ ಕೇಳುಗನನ್ನು ಹುಟ್ಟಿಸಿತು, ನಟನನ್ನಲ್ಲ.

ಹೆಣ್ಣುಮಕ್ಕಳ ಮಾತು ಬೇರೆ. ಲಕ್ಷ್ಮೇಶ್ವರದ ಮಹತ್ವ ಬರುವುದು ಇಲ್ಲಿ. ಮರಾಠಿ ರಂಗಭೂಮಿಯ ಮುಖ್ಯ ಧಾರೆಯಲ್ಲಿ ಬಾಲಗಂಧರ್ವರಂಥ ಗಂಡಸರೇ ನಾಯಕಿಯರಾಗಿ ಮೆರೆಯುತ್ತಿದ್ದ ಕಾಲಕ್ಕೆ ಲಕ್ಷ್ಮೇಶ್ವರದ ಬಚ್ಚಾಸಾನಿ ಹೆಣ್ಣುಮಕ್ಕಳದೇ ನಾಟಕ ಕಂಪನಿ ಕಟ್ಟಿ ನಡೆಸಿದಳು. ನಮ್ಮ ರಂಗಚರಿತ್ರೆಗಳಲ್ಲಿ ಈ ಸಂಗತಿ ಒಂದೆರಡು ಸಾಲಿನಲ್ಲಿ ಬಂದು ಹೋಗುತ್ತದೆ. ನಟಿಯರ ಚರಿತ್ರೆ ಬರೆಯುವವರಿಗೆ ಅದು ಮೊದಲ ಪುಟವಾಗಬೇಕಿತ್ತು. ಹಾಡು, ಕುಣಿತಗಳನ್ನೇ ವೃತ್ತಿ ಮಾಡಿಕೊಂಡ ಮನೆಗಳ ಹೆಣ್ಣುಮಕ್ಕಳಿಗೆ ಯಾರದೋ ಮಹಲಿನ ಬೈಠಕ್ಕಿನಲ್ಲಿ ಹಾಡುವುದರ ಬದಲು, ಟಿಕೆಟು ಕೊಂಡು ಬಂದ ಜನರೆದುರು ಪಾರ್ಟು ಮಾಡಿ ಸಂಬಳ ತೆಗೆದುಕೊಳ್ಳುವ ಅವಕಾಶ ಇಂಥ ಕಂಪನಿಗಳಿಂದ ದಕ್ಕಿತು. ಗುಳೇದಗುಡ್ಡದ ಗಂಗೂಬಾಯಿಯಂಥ ನಟಿಯರು ಇದೇ ದಾರಿಯಲ್ಲಿ ಬೆಳೆದರು. ಗುಳೇದಗುಡ್ಡಕ್ಕೂ ಬೀಳಗಿಗೂ ದೂರವೇನಿಲ್ಲ. 1880ರ ದಶಕದಲ್ಲಿ ಹಾಕಿದ ಗದಗ–ಹೊಟಗಿ ರೈಲುದಾರಿ ಗದಗ, ಬಾಗಲಕೋಟೆ, ಬಿಜಾಪುರಗಳನ್ನು ಒಂದೇ ದಾರದಲ್ಲಿ ಪೋಣಿಸಿತ್ತು. ಲಕ್ಷ್ಮೇಶ್ವರಕ್ಕೆ ರೈಲಿಲ್ಲದಿದ್ದರೂ ಯಲವಿಗಿಯಲ್ಲಿಳಿದು ಗಾಡಿ ಹಿಡಿದರೆ ಪರದೆ, ಪೆಟ್ಟಿಗೆ, ಪೇಟಿ ಎಲ್ಲ ಊರು ಮುಟ್ಟುತ್ತಿದ್ದವು.

ನನ್ನ ವಾದದ ಮಿತಿಯನ್ನು ಇಲ್ಲಿ ಹೇಳಬೇಕು. ಅಮೀರ್‌ಬಾಯಿ ಬಚ್ಚಾಸಾನಿಯ ಕಂಪನಿಯಲ್ಲಿದ್ದರೆಂದು ನಾನು ಹೇಳುತ್ತಿಲ್ಲ. ಲಕ್ಷ್ಮೇಶ್ವರದಲ್ಲಿ ಅವರು ಬಣ್ಣ ಹಚ್ಚಿದ್ದರೆಂದೂ ಹೇಳುತ್ತಿಲ್ಲ. ತಂದೆತಾಯಿ ಕಂಪನಿಯವರಾಗಿದ್ದ ಮಾತ್ರಕ್ಕೆ ಮಗಳು ರಂಗಕ್ಕೆ ಬಂದಿರಲೇಬೇಕೆಂಬ ನಿಯಮವೂ ಇಲ್ಲ. ನಾನು ಹೇಳುವುದು ಇಷ್ಟೇ: ಇಂಥ ಮನೆಯ ಹುಡುಗಿಗೆ ನಟನೆಯೆಂಬುದು ಮುಂಬಯಿಗೆ ಹೋಗಿ ಕಂಡುಕೊಳ್ಳಬೇಕಾದ ಹೊಸ ಲೋಕವಾಗಿರಲಿಲ್ಲ, ಹೆಣ್ಣೊಬ್ಬಳು ಹಾಡುತ್ತ ಪಾರ್ಟು ಮಾಡುವ ವೃತ್ತಿ ಅವಳ ಸೀಮೆಯಲ್ಲಿ ಆಗಲೇ ಇತ್ತು. ರೆಕಾರ್ಡಿನ ಕಥನ ಬಿಟ್ಟಿರುವ ತೆರಪನ್ನು ಇದು ರೆಕಾರ್ಡಿಗಿಂತ ಚೆನ್ನಾಗಿ ತುಂಬುತ್ತದೆ.

ಇದಕ್ಕೆ ಒಳಗಿನ ಸಾಕ್ಷ್ಯವೊಂದಿದೆ. ಅದು ಹಾಡುವ ಬಗೆಯದು. ಆ ಕಾಲದ 78 ಆರ್‌.ಪಿ.ಎಂ. ರೆಕಾರ್ಡಿನ ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ ಹಾಡು ಹಿಡಿಸುತ್ತಿತ್ತು. ಗಾಯಕಿ ಅಲ್ಲಾಡದೆ ನಿಂತು, ಧ್ವನಿಯನ್ನು ಯಂತ್ರಕ್ಕೆ ಒಪ್ಪಿಸಬೇಕು. ಮುಖ ಯಾರಿಗೂ ಬೇಕಿಲ್ಲ. ಕಂಪನಿಯಲ್ಲಿ ಇದಕ್ಕೆ ತೀರ ವಿರುದ್ಧ. ಕಾಲುಪೇಟಿಯ ಮಾಸ್ತರು ಸುರು ಹಿಡಿದೊಡನೆ, ಅದುವರೆಗೆ ಆಡುತ್ತಿದ್ದ ಮಾತಿನ ಉಸಿರು ತುಂಡಾಗದಂತೆ ನಟಿ ಹಾಡಿಗೆ ದಾಟಬೇಕು. ಎದುರು ಪಾತ್ರದ ಕಡೆಗೂ ಮುಖ ಇರಬೇಕು, ಮೈಕಿಲ್ಲದ ಥಿಯೇಟರಿನ ಕಡೇ ಸಾಲಿಗೂ ದನಿ ಮುಟ್ಟಬೇಕು. ‘ವನ್ಸ್ ಮೋರ್’ ಬಂತೋ, ಅಳುತ್ತಿದ್ದ ಪಾತ್ರ ಮತ್ತೆ ಮೊದಲಿನಿಂದ ಅತ್ತು ಹಾಡಬೇಕು. ಹಿನ್ನೆಲೆ ಗಾಯನ ಬಳಕೆಗೆ ಬಂದದ್ದು 1935ರಲ್ಲಿ, ನ್ಯೂ ಥಿಯೇಟರ್ಸಿನ ‘ಧೂಪ್ ಛಾಂವ್’ ಚಿತ್ರದಿಂದ. ‘ವಿಷ್ಣುಭಕ್ತಿ’ ಅದಕ್ಕೂ ಒಂದು ವರ್ಷ ಹಿಂದಿನದು. ಕ್ಯಾಮೆರಾದ ಮುಂದೆ ನಿಂತವರೇ, ನಿಂತ ಜಾಗದಲ್ಲೇ, ಅಭಿನಯಿಸುತ್ತ ಹಾಡಬೇಕಿದ್ದ ಕಾಲ ಅದು. ಆಗಿನ ನಿರ್ಮಾಪಕರಿಗೆ ಬೇಕಾಗಿದ್ದದ್ದು ಕಂಪನಿಯ ತಾಲೀಮು. ಅದೇ 1934ರಲ್ಲಿ ಕೊಲ್ಲಾಪುರದಲ್ಲಿ ತಯಾರಾಗಿ ಬಂದ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ಕ್ಕೂ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರಂಥ ರಂಗದವರನ್ನೇ ಆರಿಸಿದ್ದು ಈ ಕಾರಣಕ್ಕೆ.

ಇದನ್ನು ಒಪ್ಪದವರು ಜದ್ದನ್‌ಬಾಯಿಯ ಹೆಸರನ್ನು ಮುಂದೊಡ್ಡಬಹುದು. ಅದು ಬಲವಾದ ಆಕ್ಷೇಪವೇ. ಮೆಹಫಿಲಿನ ಗಾಯಕಿಯಾಗಿ ಪ್ರಸಿದ್ಧರಾಗಿ, ರೆಕಾರ್ಡುಗಳನ್ನೂ ಕೊಟ್ಟು, 1933ರ ‘ರಾಜಾ ಗೋಪಿಚಂದ್’ ಚಿತ್ರದಲ್ಲಿ ನಟಿಸಿದ ಜದ್ದನ್‌ಬಾಯಿ ಕಂಪನಿಯ ಮೆಟ್ಟಿಲು ತುಳಿಯದೆ ತೆರೆಗೆ ಬಂದವರು. ಹಾಗಾಗಿ ರಂಗವಿಲ್ಲದೆ ತೆರೆಯಿಲ್ಲ ಎಂಬ ಸೂತ್ರವನ್ನು ಇಡೀ ಭಾರತಕ್ಕೆ ಅನ್ವಯಿಸಲು ಬರುವುದಿಲ್ಲ. ಆದರೆ ಜದ್ದನ್‌ಬಾಯಿ ಬಂದದ್ದು ಬನಾರಸ್, ಕಲ್ಕತ್ತೆಗಳ ಕೋಠಾ ಪರಂಪರೆಯಿಂದ. ನಮ್ಮ ಸೀಮೆಯಲ್ಲಿ ಕೋಠೆಯ ಜಾಗವನ್ನು ಬಹುಮಟ್ಟಿಗೆ ನಾಟಕ ಕಂಪನಿಯೇ ಆಕ್ರಮಿಸಿತ್ತು. ಮಿರಜಿನಲ್ಲಿ ಹುಟ್ಟಿದ ಹೀರಾಬಾಯಿ ಬಡೋದೇಕರರು ಕಛೇರಿ, ರೆಕಾರ್ಡುಗಳ ನಂತರವೂ ನಾಟಕ ಕಂಪನಿ ಕಟ್ಟಿ, ಆಮೇಲೆ ಚಿತ್ರಗಳಲ್ಲಿ ನಟಿಸಿದ್ದನ್ನು ನೋಡಿದರೆ, ಮಿರಜ್–ಧಾರವಾಡ ಸೀಮೆಯಲ್ಲಿ ರಂಗವನ್ನು ಬಳಸಿ ಹೋಗುವುದು ಎಷ್ಟು ಕಷ್ಟವಿತ್ತೆಂಬುದು ತಿಳಿಯುತ್ತದೆ.

ಹಾಡು ಸೋತ ಮೇಲೆ ನಟನೆಗೆ ಬಂದರೆಂಬ ಮಾತಿಗೆ ಉತ್ತರ 1943ರಲ್ಲೇ ಇದೆ. ಆ ವರ್ಷ ‘ಕಿಸ್ಮತ್’ನಲ್ಲಿ ಅವರ ದನಿ ಮುಮ್ತಾಜ್ ಶಾಂತಿಯ ಮುಖಕ್ಕೆ ಕೂಡಿತು, ಅದೇ ವರ್ಷ ವಿಜಯ ಭಟ್ಟರ ‘ರಾಮರಾಜ್ಯ’ದಲ್ಲಿ ಅವರೇ ತೆರೆಯ ಮೇಲೆ ಕಾಣಿಸಿಕೊಂಡರು. ಗಾಯಕಿಯಾಗಿ ಶಿಖರದಲ್ಲಿದ್ದಾಗಲೂ ಬಣ್ಣ ಬಿಟ್ಟಿರಲಿಲ್ಲ. ಲತಾ ಅವರ ದನಿ ಹಿಂದಿ ಚಿತ್ರರಂಗವನ್ನು ಆವರಿಸಿದ್ದು 1949ರ ಹೊತ್ತಿಗೆ. ಅಷ್ಟರಲ್ಲಿ ಅಮೀರ್‌ಬಾಯಿ ತೆರೆಗೆ ಬಂದು ಹದಿನೈದು ವರ್ಷ ಕಳೆದಿತ್ತು. ಆಮೇಲಿನ ಪೋಷಕ ಪಾತ್ರಗಳನ್ನು ಪತನವೆಂದು ಬಗೆಯುವುದು ನಟನೆಯನ್ನೇ ಕೀಳಾಗಿ ಕಂಡಂತೆ. ಕೈಬಿಟ್ಟುಹೋದದ್ದು ನಡುವೆ ಬಂದಿದ್ದ ಹಿನ್ನೆಲೆ ಗಾಯನ. ಉಳಿದದ್ದು ಮೊದಲಿನಿಂದ ಇದ್ದ ವೃತ್ತಿ.

ಅವರ ದಾಂಪತ್ಯದ ನೋವನ್ನು ವಿವರಿಸುವ ಬರಹಗಳೂ ಈ ಮರೆವಿಗೆ ಕಾರಣವಾಗಿವೆ. ಖಳಪಾತ್ರಗಳ ನಟ ಹಿಮಾಲಯವಾಲಾ ಜತೆಗಿನ ಮದುವೆ ಹಿಂಸೆಯದಾಗಿತ್ತು. ಅದರಿಂದ ಬಿಡಿಸಿಕೊಳ್ಳಲು ರಣಜಿತ್ ಸ್ಟುಡಿಯೋದ ಚಂದೂಲಾಲ್ ಶಾ ಮತ್ತು ಒಬ್ಬ ವಕೀಲರು ನೆರವಾದರು. ಇದು ನಡೆದದ್ದೇ, ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಓದುಗರ ಮರುಕವೆಲ್ಲ ಅಲ್ಲಿ ಖರ್ಚಾಗಿ, ಅಮೀರ್‌ಬಾಯಿಯೆಂದರೆ ಯಾರೋ ಹೊಡೆದ, ಯಾರೋ ಕಾಪಾಡಿದ ಹೆಣ್ಣು ಎಂಬಷ್ಟಕ್ಕೇ ನಿಂತುಬಿಡುತ್ತದೆ. ಆ ಸಂಕಟದ ನಡುವೆಯೂ ಸ್ಟುಡಿಯೋಕ್ಕೆ ಹೋಗಿ ಒಂದು ಪಾತ್ರವನ್ನು ಹಾಡಿ ಆಡಬಲ್ಲ ಕಸುಬು ಆಕೆಯ ಕೈಯಲ್ಲಿತ್ತು. ಅದು ಯಾರ ಉಪಕಾರದಿಂದಲೂ ಬಂದದ್ದಲ್ಲ.

ಇತ್ಯರ್ಥವಾಗದೆ ಉಳಿಯುವುದು 1921 ಇಲ್ಲವೆ 1927ರಿಂದ 1934ರವರೆಗಿನ ಅವಧಿಯ ವಿವರ: ಯಾವ ಕಂಪನಿ, ಯಾವ ಪಾರ್ಟು, ಯಾವ ಊರಿನ ಕ್ಯಾಂಪು. ಗ್ರಾಮಫೋನ್ ಕಂಪನಿಯ ಪಟ್ಟಿಗಳಲ್ಲಿ ಕವ್ವಾಲಿಯ ವರ್ಷ ಖಚಿತವಾಗಿ 1934ಕ್ಕೆ ಬಹಳ ಹಿಂದಿನದೆಂದು, ಮತ್ತು ಅದೇ ಹೆಸರಿನ ಮೇಲೆ ಚಿತ್ರಕ್ಕೆ ಕರೆ ಬಂತೆಂದು ಯಾರಾದರೂ ತೋರಿಸಿದರೆ ಇಲ್ಲಿಯ ವಾದವನ್ನು ಸಡಿಲಿಸಬೇಕಾಗುತ್ತದೆ. ಮಿರಜ್, ಸಾಂಗ್ಲಿ ಸಂಸ್ಥಾನಗಳ ದಫ್ತರಗಳಲ್ಲಿ ನಾಟಕ ಮಂಡಳಿಗಳಿಗೆ ಕೊಟ್ಟ ಪರವಾನಗಿಯ ಕಾಗದಗಳು, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಹಳೆಯ ಮನೆಗಳಲ್ಲಿ ನಾಟಕದ ಹ್ಯಾಂಡ್‌ಬಿಲ್ಲುಗಳು ಸಿಕ್ಕರೆ, ಮೊದಲು ನೋಡಬೇಕಾದದ್ದು ಅವುಗಳಲ್ಲಿರುವ ಹೆಣ್ಣುಮಕ್ಕಳ ಹೆಸರುಗಳನ್ನು. ಅಮೀರ್‌ಬಾಯಿಯ ಹೆಸರು ಅಲ್ಲಿ ಇರಲಿ, ಇಲ್ಲದಿರಲಿ, ಬಚ್ಚಾಸಾನಿಯ ಜತೆ ಬಣ್ಣ ಹಚ್ಚಿದವರ ಒಂದು ಪಟ್ಟಿಯಾದರೂ ಆಗಬೇಕು.